ಶಾಲೆಯ ಮಕ್ಕಳ ಬ್ಯಾಗಿಗೆ ‘ಪಾಟಿಚೀಲ’ ಎನ್ನಬಹುದೇ?

ಮಕ್ಕಳ ಓದಿಗಾಗಿ ಸಿದ್ಧವಾಗುತ್ತಿರುವ ಬರಹವೊಂದರಲ್ಲಿ ‘ಸ್ಕೂಲ್ ಬ್ಯಾಗ್’ ಎಂಬುದಕ್ಕೆ ಯಾವ ಕನ್ನಡ ಪದವನ್ನು ಬಳಸಬೇಕೆಂಬ ಚರ್ಚೆ ನಡೆದಿದ್ದು, ಈ ಬಗ್ಗೆ ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ.

ಉತ್ತರ ಕರ್ನಾಟಕದಲ್ಲಿ ‘ಪಾಟಿಚೀಲ’ ಎಂಬ ಪದ ರೂಢಿಯಲ್ಲಿದೆ. ಪಾಟಿ ಎಂದರೆ ಸ್ಲೇಟು. ಮರಾಠಿಯಲ್ಲಿಯೂ ಅದೇ ಪದ, ಅದೇ ಅರ್ಥ. ಸ್ಲೇಟಿನ ಬಳಕೆ ಬಹುಮಟ್ಟಿಗೆ ನಿಂತಿರುವಾಗ ಚೀಲದ ಹೆಸರಿನಲ್ಲಿ ಅದನ್ನು ಉಳಿಸಿಕೊಳ್ಳುವುದು ಸರಿಯಲ್ಲವೆಂಬ ಆಕ್ಷೇಪಣೆ ಬಂದಿದೆ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನನ್ನ ಎಣಿಕೆ. ಮರಾಠಿಯಲ್ಲಿ ಶಾಲೆಯ ಚೀಲಕ್ಕೆ ‘ದಪ್ತರ’ ಎನ್ನುತ್ತಾರೆ. ದಾಖಲೆಯ ಪುಸ್ತಕ ಎಂಬ ಅರ್ಥದಲ್ಲಿ ಪಾರಸಿಯ ಮೂಲಕ ಬಂದ ಆ ಪದ ಕನ್ನಡದಲ್ಲಿ ಕಚೇರಿಯ ಕಡತಗಳಿಗೇ ಅಂಟಿಕೊಂಡಿತು, ಮರಾಠಿಯಲ್ಲಿ ಮಕ್ಕಳ ಹೆಗಲೇರಿತು. ಜಪಾನಿನ ಮಕ್ಕಳ ಶಾಲೆಯ ಚೀಲದ ಹೆಸರು ‘ರಾಂದೊಸೆರು’ ಡಚ್ಚರ ‘ರಾನ್ಸೆಲ್’ನಿಂದ, ಎಂದರೆ ಸೈನಿಕರ ಬೆನ್ನಚೀಲದ ಹೆಸರಿನಿಂದ, ಹುಟ್ಟಿದ್ದು. ಒಳಗಿನ ವಸ್ತು ಬದಲಾದ ಮಾತ್ರಕ್ಕೆ ಹೆಸರು ಬದಲಾಗಬೇಕಿಲ್ಲ.

‘ಬೆನ್ನುಚೀಲ’ ಎಂಬ ಸೂಚನೆಯೂ ಇದೆ. ಅದು ಚೀಲವನ್ನು ಹೊರುವ ಬಗೆಯನ್ನು ತಿಳಿಸುತ್ತದೆಯೇ ಹೊರತು ಅದರ ಉದ್ದೇಶವನ್ನಲ್ಲ. ಚಾರಣಿಗರು ಹೊರುವುದೂ ಬೆನ್ನುಚೀಲವೇ, ಒಂದೇ ಪಟ್ಟಿಯನ್ನು ಹೆಗಲಿಗೆ ಹಾಕಿ ಪುಸ್ತಕಗಳನ್ನು ಒಯ್ಯುವ ಬಗಲಚೀಲವಾದರೋ ಆ ಹೆಸರಿನಲ್ಲಿ ಸೇರುವುದೇ ಇಲ್ಲ. ‘ಸಂಚಿ’ಗೆ ಎಲೆಯಡಿಕೆಯ ನಂಟು, ‘ಜೋಳಿಗೆ’ಗೆ ಭಿಕ್ಷೆಯ ನಂಟು, ಎರಡನ್ನೂ ಬಿಡಬಹುದು. ‘ಪುಸ್ತಕದ ಚೀಲ’ ಎಲ್ಲರಿಗೂ ತಿಳಿಯುವ ಮಾತು, ಆದರೆ ಸಮಾಸಗಳಲ್ಲಿ ತೊಡಕಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯ ಅವಧಿಯಲ್ಲಿ 10 ದಿನ ಮಕ್ಕಳು ಪುಸ್ತಕಗಳ ಹೊರೆಯಿಲ್ಲದೆ ಕಲಿಯಬೇಕೆಂದು ಹೇಳಿದೆ; ಇಂಥ ದಿನಕ್ಕೆ ‘ಬ್ಯಾಗ್ ರಹಿತ ದಿನ’ ಎಂಬ ಮಾತು ಬಳಕೆಯಲ್ಲಿದೆ. (‘ರಹಿತ’ದ ಬದಲು ‘ಇಲ್ಲದ’ ಎಂದಿದ್ದರೆ ಏನು ಕೊರತೆಯಾಗುತ್ತಿತ್ತೋ!) ಅದನ್ನು ‘ಪುಸ್ತಕದ ಚೀಲವಿಲ್ಲದ ದಿನ’ ಎಂದರೆ ಉದ್ದವಾಯಿತು, ‘ಪಾಟಿಚೀಲವಿಲ್ಲದ ದಿನ’ ಎಂಬುದು ಸಲೀಸಾಗಿ ಓದಿಸಿಕೊಳ್ಳುತ್ತದೆ.

ಆದ್ದರಿಂದ ನನ್ನ ಒಲವು ‘ಪಾಟಿಚೀಲ’ದ ಕಡೆಗಿದೆ. ತಿಳಿಯಬೇಕಾದದ್ದು ಇಷ್ಟು: ಈ ಪದವನ್ನು ಮನೆಮಾತಿನಲ್ಲಿ ಬಳಸುವವರು ಜಿಪ್ ಇರುವ, ಎರಡು ಪಟ್ಟಿಗಳ ಇಂದಿನ ಬ್ಯಾಗನ್ನೂ ಹಾಗೆಯೇ ಕರೆಯುತ್ತಾರೆಯೇ, ಅಥವಾ ಬಟ್ಟೆಯಲ್ಲಿ ಹೊಲಿದ ಹಳೆಯ ಚೀಲಕ್ಕೆ ಮಾತ್ರ ಅದನ್ನು ಮೀಸಲಿಟ್ಟಿದ್ದಾರೆಯೇ? ಹಳೆಯ ಮೈಸೂರು ಮತ್ತು ಕರಾವಳಿಯ ಕಡೆಯ ಮಕ್ಕಳಿಗೆ ಅಡಿಟಿಪ್ಪಣಿಯ ನೆರವಿಲ್ಲದೆ ಇದು ಅರ್ಥವಾದೀತೇ?