ಸಹಾಯ ಬೇಕು: ಇಮ್ಯಾಟಿನಿಬ್ ತಗೊಳ್ಳುವವರು ಗಾಂಜಾ ಸೇದಿದರೆ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಸಿಎಂಎಲ್, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ಅದಕ್ಕೆ ದಿನಾ 400 ಮಿಗ್ರಾಂ ಇಮ್ಯಾಟಿನಿಬ್ ಅನ್ನೋ ಮಾತ್ರೆ ನಡೀತಿದೆ. ಊಟದ ಜೊತೆ, ದೊಡ್ಡ ಲೋಟ ನೀರಲ್ಲಿ ನುಂಗಬೇಕು.

ವಾರದ ಕೊನೆಗೆ ಗೆಳೆಯರ ಜೊತೆ ಗಾಂಜಾ ಸೇದುತ್ತಾನೆ ಅಂತ ಈಗ ಗೊತ್ತಾಯ್ತು. ಕೇಳಿದರೆ "ಗಿಡ ತಾನೇ ಅಕ್ಕ, ವಾಂತಿಗೂ ಒಳ್ಳೇದು" ಅಂತಾನೆ. ಆನ್‌ಲೈನ್‌ನಲ್ಲಿ ಸಿಬಿಡಿ (ಗಾಂಜಾ ಗಿಡದಲ್ಲಿರೋ ಒಂದು ಅಂಶ) ಎಣ್ಣೆ ಬೇರೆ ತರಿಸಿದ್ದಾನೆ.

ನಾನು ಓದಿದ ಪ್ರಕಾರ, ಇಮ್ಯಾಟಿನಿಬ್ ಅನ್ನು ಲಿವರ್‌ನಲ್ಲಿ ಕರಗಿಸೋದು ಮುಖ್ಯವಾಗಿ ಸಿವೈಪಿ3ಎ4 ಅನ್ನೋ ಕಿಣ್ವ. ಸಿಬಿಡಿ ಅದಕ್ಕೆ ಅಡ್ಡ ಬಂದರೆ ರಕ್ತದಲ್ಲಿ ಮಾತ್ರೆಯ ಪ್ರಮಾಣ ಜಾಸ್ತಿಯಾಗಬಹುದು. ಗ್ರೇಪ್‌ಫ್ರೂಟ್ ಜ್ಯೂಸ್ ಬೇಡ ಅನ್ನೋದೂ ಇದಕ್ಕೇ. ಆದರೆ ನನಗೆ ಅದಕ್ಕಿಂತ ಭಯ ಮಾತ್ರೆ ತಪ್ಪೋದು. ಸ್ಟ್ರಿಪ್‌ನಲ್ಲಿ ಶನಿವಾರ, ಭಾನುವಾರದ ಮಾತ್ರೆ ಹಾಗೇ ಉಳಿದಿತ್ತು! ಈ ಕಾಯಿಲೆಯಲ್ಲಿ ಪದೇ ಪದೇ ತಪ್ಪಿಸಿದರೆ ಔಷಧಿ ಹಿಡಿತ ತಪ್ಪುತ್ತಂತೆ. ಕಾಯಿಲೆ ಎಷ್ಟು ಹತೋಟಿಯಲ್ಲಿದೆ ಅಂತ ನೋಡೋ ಬಿಸಿಆರ್-ಎಬಿಎಲ್ ರಕ್ತದ ಟೆಸ್ಟ್ ಬೇರೆ ಹತ್ತಿರ ಬಂತು.

ಡಾಕ್ಟರಿಗೆ ಹೇಳಿದರೆ ಪೊಲೀಸ್ ಕೇಸ್ ಆಗುತ್ತೆ ಅಂತ ಅವನ ಹೆದರಿಕೆ. ಹಾಗೆಲ್ಲ ಆಗುತ್ತಾ? ಇಲ್ಲಿ ಯಾರಾದರೂ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿದ್ದೀರಾ, ಅವರು ಹೇಗೆ ತಗೊಂಡ್ರು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದವರಿದ್ದರೂ ತಿಳಿಸಿ. ಬೈಯೋದು ಬೇಡ ಪ್ಲೀಸ್, ಅದನ್ನ ಅಮ್ಮ ಆಗಲೇ ಮುಗಿಸಿದ್ದಾರೆ.