ತೆರೆದುಕೊಳ್ಳದ ಕಂಪ್ಯೂಟರ್: ರಿಪೇರಿಯವರನ್ನು ಕೇಳಿ

ತಿಪಟೂರಿನ ಸದಸ್ಯೆ: ಸರ್, ನಿನ್ನೆ ಲ್ಯಾಪ್‌ಟಾಪ್‌ನಲ್ಲಿ ಬಯಾಸ್ ಅಪ್‌ಡೇಟ್ ಆಯಿತು. ಇಂದು ಆನ್ ಮಾಡಿದರೆ ನೀಲಿ ಪರದೆಯಲ್ಲಿ ‘ಬಿಟ್‌ಲಾಕರ್ ರಿಕವರಿ ಕೀ’ ಕೇಳುತ್ತಿದೆ. ನಾನು ಯಾವ ಲಾಕರನ್ನೂ ಹಾಕಿಲ್ಲ. ಮಗಳ ಮದುವೆಯ ಫೋಟೊಗಳೆಲ್ಲ ಅದರಲ್ಲೇ ಇವೆ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ.

ರಿಪೇರಿಯವರು: ಸರಿಹೋಗುವುದು ಲ್ಯಾಪ್‌ಟಾಪ್ ಅಮ್ಮಾ, ಫೋಟೊಗಳು ಹೋಗಿಬಿಡುತ್ತವೆ. ಫಾರ್ಮ್ಯಾಟ್ ಬೇಡವೇ ಬೇಡ. ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕಾಗ ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್‌ನಿಂದ ಡಿಸ್ಕ್ ತಾನಾಗಿಯೇ ಲಾಕ್ ಆಗುತ್ತದೆ, ನಿಮ್ಮನ್ನು ಕೇಳುವುದೂ ಇಲ್ಲ. ಅದನ್ನು ತೆರೆಯುವ ಕೀ ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್‌ನಲ್ಲಿರುತ್ತದೆ. ಬಯಾಸ್, ಅಂದರೆ ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ, ಬದಲಾದರೆ ಚಿಪ್‌ಗೆ ಅನುಮಾನ ಬರುತ್ತದೆ, ಕೀ ಬಿಟ್ಟುಕೊಡುವುದಿಲ್ಲ. ಆಗ 48 ಅಂಕೆಗಳ ರಿಕವರಿ ಕೀ ಬೇಕು. ಅದರ ಪ್ರತಿ ಸಾಮಾನ್ಯವಾಗಿ ಖಾತೆಯಲ್ಲಿ ಉಳಿದಿರುತ್ತದೆ. ಮೊಬೈಲ್‌ನಲ್ಲಿ ಮೈಕ್ರೋಸಾಫ್ಟ್ ಖಾತೆ ತೆರೆದು ‘ಡಿವೈಸಸ್’ನಲ್ಲಿ ನೋಡಿ. ನೀಲಿ ಪರದೆಯಲ್ಲಿ ಕೀ ಐಡಿ ಎಂದು ಇದೆಯಲ್ಲ, ಅದರ ಮೊದಲ 8 ಅಕ್ಷರಗಳು ಹೊಂದಬೇಕು.

ತಿಪಟೂರಿನ ಸದಸ್ಯೆ: ನನ್ನ ಖಾತೆಯಲ್ಲಿ ಏನೂ ಇಲ್ಲ ಸರ್.

ರಿಪೇರಿಯವರು: ಹೊಸದರಲ್ಲಿ ಲ್ಯಾಪ್‌ಟಾಪ್ ಸಿದ್ಧಮಾಡಿಕೊಟ್ಟವರು ಯಾರು?

ತಿಪಟೂರಿನ ಸದಸ್ಯೆ: ಅಳಿಯ. ಅವರು ಈಗ ಮಸ್ಕತ್‌ನಲ್ಲಿದ್ದಾರೆ.

ರಿಪೇರಿಯವರು: ಕೀ ಅವರ ಖಾತೆಗೆ ಹೋಗಿರುತ್ತದೆ. ಫೋನ್ ಮಾಡಿ ಕೇಳಿ. ಅಲ್ಲಿಯವರೆಗೆ ಲ್ಯಾಪ್‌ಟಾಪ್ ಅಂಗಡಿಯವರ ಕೈಗೆ ಹೋಗಬಾರದು.

ಹುಬ್ಬಳ್ಳಿಯ ಸದಸ್ಯ: ವಾಟ್ಸ್‌ಆಪ್‌ನಲ್ಲಿ ಬಂದದ್ದು: ಬಯಾಸ್‌ಗೆ ಹೋಗಿ ಟಿಪಿಎಂ ಕ್ಲಿಯರ್ ಮಾಡಿ, ಬಿಟ್‌ಲಾಕರ್ ಮಾಯ. 100% ಖಚಿತ!

ರಿಪೇರಿಯವರು: ಮಾಯವಾಗುವುದು ಚಿಪ್‌ನಲ್ಲಿರುವ ಕೀ, ಡಿಸ್ಕಿನ ಲಾಕ್ ಹಾಗೆಯೇ ಇರುತ್ತದೆ. ನಿಮಗೆ ಈ ಸಂದೇಶ ಕಳುಹಿಸಿದವರು ಒಮ್ಮೆಯಾದರೂ ಹಾಗೆ ಮಾಡಿ ನೋಡಿದ್ದಾರೆಯೇ? ಅಮ್ಮಾ, ಇದನ್ನು ಮಾಡಬೇಡಿ.

ಹಾಸನದ ಸದಸ್ಯ: ಸರಿಯಾದ ಪಾಸ್‌ವರ್ಡ್ ಹಾಕಿದರೂ ತಪ್ಪು ಎನ್ನುತ್ತಿದೆ. ಮೊನ್ನೆ ಮಗ ಕನ್ನಡ ಕೀಲಿಮಣೆ ಸೇರಿಸಿದ್ದ. ಪ್ರಿಂಟರ್ ಕೂಡ ಕೆಲಸ ಮಾಡುತ್ತಿಲ್ಲ.

ರಿಪೇರಿಯವರು: ಬಲಗಡೆ ಕೆಳಮೂಲೆಯಲ್ಲಿ ಭಾಷೆಯ ಗುರುತು ನೋಡಿ, ಇಂಗ್ಲಿಷ್‌ಗೆ ಬದಲಿಸಿ. ಪಾಸ್‌ವರ್ಡ್ ಪಕ್ಕದ ಕಣ್ಣಿನ ಚಿಹ್ನೆ ಒತ್ತಿ ಹಿಡಿದರೆ ಏನು ಬೀಳುತ್ತಿದೆ ಎಂದು ಕಾಣುತ್ತದೆ.

ದಾವಣಗೆರೆಯ ಸದಸ್ಯ: ಪ್ರತಿ ಬೆಳಿಗ್ಗೆ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ, ಎಫ್1 ಒತ್ತಿ ಎನ್ನುತ್ತದೆ.

ರಿಪೇರಿಯವರು: ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಬದಲಿಸಿ, ಆಫ್ ಆದಾಗ ಗಡಿಯಾರ ನಡೆಸುವುದು ಅದೇ.

ಚಿಕ್ಕಮಗಳೂರಿನ ಸದಸ್ಯೆ: ಹಳೆಯ ಡೆಸ್ಕ್‌ಟಾಪ್ ‘ಆಟೊಮ್ಯಾಟಿಕ್ ರಿಪೇರಿ’ಯಲ್ಲೇ ಸುತ್ತುತ್ತಿದೆ. ಒಳಗಿನಿಂದ ಟಕ್ ಟಕ್ ಸದ್ದು. ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ ಓಡಿಸಲೇ?

ರಿಪೇರಿಯವರು: ಬೇಡ. ಈಗಲೇ ಆಫ್ ಮಾಡಿ. ಹಾರ್ಡ್‌ಡಿಸ್ಕ್ ಸಾಯುತ್ತಿದೆ. ಚೆಕ್‌ಡಿಸ್ಕ್ ಅದನ್ನು ಮೂಲೆಮೂಲೆಗೂ ಓಡಿಸಿ ಉಳಿದದ್ದನ್ನೂ ಕೆಡಿಸಬಹುದು. ಬೇಕಾದ ಕಡತಗಳಿದ್ದರೆ ಡೇಟಾ ರಿಕವರಿ ಬಲ್ಲವರ ಬಳಿಗೆ ಒಯ್ಯಿರಿ.

ಹುಬ್ಬಳ್ಳಿಯ ಸದಸ್ಯ: ಅಂಥ ಡಿಸ್ಕನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟರೆ...

ರಿಪೇರಿಯವರು: ಒಳಗೆ ನೀರು ಹನಿಗಟ್ಟುತ್ತದೆ. ದಯವಿಟ್ಟು ಇನ್ನು ಏನನ್ನೂ ಫಾರ್ವರ್ಡ್ ಮಾಡಬೇಡಿ.

ಮೈಸೂರಿನ ಸದಸ್ಯ: ಇದಕ್ಕೆಲ್ಲ ಮೂಲ ವಿಂಡೋಸ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ವಿಂಡೋಸ್ ಬಿಟ್ಟು ಎಲ್ಲರೂ ಲಿನಕ್ಸ್‌ಗೆ ಬನ್ನಿ.

ಬಳ್ಳಾರಿಯ ಸದಸ್ಯ: ಅದರಲ್ಲಿ ನಮ್ಮ ಲೆಕ್ಕಪತ್ರದ ಟ್ಯಾಲಿ ಯಾರು ನಡೆಸುತ್ತಾರೆ, ನೀವೇ ಬರುತ್ತೀರಾ?

ಮೈಸೂರಿನ ಸದಸ್ಯ: ಕಲಿಯುವ ಮನಸ್ಸಿದ್ದವರಿಗೆ ದಾರಿಯಿದೆ.

ಬಳ್ಳಾರಿಯ ಸದಸ್ಯ: ನಾವು ದಡ್ಡರು ಎಂದು ನೇರವಾಗಿಯೇ ಹೇಳಿ ಸ್ವಾಮಿ.

ರಿಪೇರಿಯವರು: ಲಿನಕ್ಸ್‌ನಲ್ಲಿಯೂ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ, ಅಂದರೆ ಹೀಗೆ ಲಾಕ್ ಮಾಡಿ, ಪಾಸ್‌ವರ್ಡ್ ಮರೆತರೆ ಇದೇ ಗತಿ. ಜಗಳ ಬೇರೆಲ್ಲಾದರೂ ಆಡಿಕೊಳ್ಳಿ.

ತಿಪಟೂರಿನ ಸದಸ್ಯೆ: ಸರ್, ಅಳಿಯ ಕಳುಹಿಸಿದ ಕೀ ಚಿತ್ರ ಇಲ್ಲಿ ಹಾಕಿದ್ದೇನೆ. ತಪ್ಪು ಎನ್ನುತ್ತಿದೆ.

ರಿಪೇರಿಯವರು: ಮೊದಲು ಚಿತ್ರ ಅಳಿಸಿ! ಅದು ನಿಮ್ಮ ಡಿಸ್ಕಿನ ಕೀ, ಗುಂಪಿನಲ್ಲಿ ಹಾಕುವಂಥದ್ದಲ್ಲ. ಕೀ ಐಡಿ ಹೊಂದುತ್ತಿದೆಯೇ?

ತಿಪಟೂರಿನ ಸದಸ್ಯೆ: ಅಳಿಸಿದೆ. ಐಡಿ ಬೇರೆ ಇದೆ. ಅಳಿಯನ ಪಟ್ಟಿಯಲ್ಲಿ ಎರಡು ಲ್ಯಾಪ್‌ಟಾಪ್‌ಗಳಿವೆಯಂತೆ.

ರಿಪೇರಿಯವರು: ಇದು ಅವರದೇ ಲ್ಯಾಪ್‌ಟಾಪಿನ ಕೀ ಇರಬೇಕು. ಇನ್ನೊಂದನ್ನು ಕೇಳಿ, ಐಡಿ ನೋಡಿಕೊಂಡು ಹಾಕಿ. ತೆರೆದ ಕೂಡಲೇ ಫೋಟೊಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ, ಮಿಕ್ಕದ್ದು ಆಮೇಲೆ.

ಹಾಸನದ ಸದಸ್ಯ: ಪಾಸ್‌ವರ್ಡ್ ಆಯಿತು. ಪ್ರಿಂಟರ್?

ಹಾವೇರಿಯ ಸದಸ್ಯ: ಸರ್, ನನಗೂ ಬಿಟ್‌ಲಾಕರ್ ಬಂದಿದೆ. ಫಾರ್ಮ್ಯಾಟ್ ಮಾಡಿಸಲೇ?

ರಿಪೇರಿಯವರು: ಮೇಲೆ ಬರೆದಿದ್ದೇನೆ, ಓದಿ.