ಕೇಬಲ್ ಕಂಪನಿಯ ಹೆಸರು ಬದಲಾಗುತ್ತಿದೆ: ಬಳಗದ ಪ್ರಶ್ನೋತ್ತರ

ನಿರ್ವಾಹಕರು: ನಮ್ಮ ಬಳಗದ ಹಲವರ ಮನೆಗೆ ಕೇಬಲ್ ಟಿವಿ ಮತ್ತು ಬ್ರಾಡ್‌ಬ್ಯಾಂಡ್ ಒದಗಿಸುವ ಕಂಪನಿ ತನ್ನ ಬ್ರ್ಯಾಂಡ್ ಹೆಸರನ್ನು ಬದಲಾಯಿಸಿಕೊಳ್ಳುತ್ತಿದೆ. ಎರಡು ದಿನಗಳಿಂದ ಇದರ ಬಗ್ಗೆ ಫಾರ್ವರ್ಡ್ ಸಂದೇಶಗಳು ಹರಿದಾಡುತ್ತಿರುವುದರಿಂದ, ಇಂತಹ ಬದಲಾವಣೆಯ ಸಮಯದಲ್ಲಿ ಜಾಲದ ಕಡೆಯ ಕೆಲಸವನ್ನು ಎರಡು ಬಾರಿ ನಿರ್ವಹಿಸಿರುವ ನಮ್ಮ ಸದಸ್ಯೆ, ನೆಟ್‌ವರ್ಕ್ ಇಂಜಿನಿಯರ್ ಅವರನ್ನು ಉತ್ತರಿಸುವಂತೆ ಕೋರಿದ್ದೇವೆ. ಕಂಪನಿಯ ಹೆಸರನ್ನಾಗಲಿ ತಮ್ಮ ಗ್ರಾಹಕ ಸಂಖ್ಯೆಯನ್ನಾಗಲಿ ಯಾರೂ ಇಲ್ಲಿ ಬರೆಯಬಾರದು.

ಇಂಜಿನಿಯರ್: ಎಲ್ಲರಿಗೂ ನಮಸ್ಕಾರ. ಬ್ರ್ಯಾಂಡ್ ಹೆಸರು ಬೇರೆ, ಕಂಪನಿಯ ನೋಂದಾಯಿತ ಹೆಸರು ಬೇರೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಅಮೆರಿಕದ ಕಾಮ್‌ಕಾಸ್ಟ್ 2010ರಲ್ಲಿ ತನ್ನ ಕೇಬಲ್ ಮತ್ತು ಇಂಟರ್ನೆಟ್ ಸೇವೆಗಳಿಗೆ ಎಕ್ಸ್‌ಫಿನಿಟಿ ಎಂದು ಹೆಸರಿಟ್ಟಿತು, ಆದರೆ ಕಂಪನಿ ಕಾಮ್‌ಕಾಸ್ಟ್ ಆಗಿಯೇ ಉಳಿಯಿತು. ಅಲ್ಲಿಯದೇ ಟೈಮ್ ವಾರ್ನರ್ ಕೇಬಲ್‌ನ ಸಂಗತಿ ಹಾಗಲ್ಲ. ಅದನ್ನು 2016ರಲ್ಲಿ ಚಾರ್ಟರ್ ಕಂಪನಿ ಕೊಂಡುಕೊಂಡಿತು, ಅದರ ಗ್ರಾಹಕರು ಸ್ಪೆಕ್ಟ್ರಮ್ ಎಂಬ ಹೆಸರಿನಡಿ ಬಂದರು. ನಿಮ್ಮದು ಇವೆರಡರಲ್ಲಿ ಯಾವ ಬಗೆ ಎಂಬುದು ಬಿಲ್ಲಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ನೋಂದಾಯಿತ ಹೆಸರನ್ನು ನೋಡಿದರೆ ತಿಳಿಯುತ್ತದೆ. ಅದು ಬದಲಾಗಿಲ್ಲವೆಂದರೆ ಗೋಡೆಯೊಳಗಿನ ತಂತಿ, ಬೀದಿಯ ಪೆಟ್ಟಿಗೆ, ನಿಮ್ಮ ಒಪ್ಪಂದ ಎಲ್ಲವೂ ಇದ್ದಂತೆಯೇ ಇರುತ್ತವೆ. ತೊಂದರೆ ಬರುವುದು ಹಳೆಯ ಹೆಸರನ್ನು ಎಲ್ಲಿ ಒಳಗೊಳಗೆ ಬರೆದಿಟ್ಟಿದ್ದಾರೋ ಅಲ್ಲಿ ಮಾತ್ರ: ಲಾಗಿನ್ ಹೆಸರಿನಲ್ಲಿ, ಇಮೇಲ್ ವಿಳಾಸದಲ್ಲಿ, ಬ್ಯಾಂಕಿಗೆ ಕೊಟ್ಟ ಆಟೋ ಡೆಬಿಟ್ ಒಪ್ಪಿಗೆಯಲ್ಲಿ.

ವಿದ್ಯಾರ್ಥಿ: ಮೇಡಂ, ಹೊಸ ಹೆಸರು ಬಂದ ಮೇಲೆ ಇಂಟರ್ನೆಟ್ ವೇಗ ಹೆಚ್ಚಾಗುತ್ತದೆಯೇ?

ಇಂಜಿನಿಯರ್: ಹೆಸರಿನಿಂದ ಹೆಚ್ಚಾಗುವುದಿಲ್ಲ. ವೇಗವನ್ನು ನಿರ್ಧರಿಸುವುದು ನಿಮ್ಮ ಪ್ಲ್ಯಾನ್ ಮತ್ತು ಮನೆಯವರೆಗೆ ಬಂದಿರುವ ತಂತಿ.

ಗೃಹಿಣಿ: ಈಗಿರುವ ಸೆಟ್‌ಟಾಪ್ ಬಾಕ್ಸ್ ಮತ್ತು ರಿಮೋಟ್ ಕೆಲಸ ಮಾಡುತ್ತವೆಯೇ, ಅಥವಾ ಹೊಸದನ್ನು ಕೊಳ್ಳಬೇಕೇ?

ಇಂಜಿನಿಯರ್: ಎರಡೂ ಕೆಲಸ ಮಾಡುತ್ತವೆ. ಬಾಕ್ಸ್ ಆನ್ ಆಗುವಾಗ ಕಾಣುವ ಲಾಂಛನ ಅದರ ಸಾಫ್ಟ್‌ವೇರಿನ ಭಾಗವಾಗಿರುವುದರಿಂದ ಒಂದು ರಾತ್ರಿ ಅದು ತಾನಾಗಿಯೇ ಬದಲಾಗುತ್ತದೆ, ಆ ಹೊತ್ತಿನಲ್ಲಿ ಪ್ಲಗ್ ಕೀಳದಿದ್ದರೆ ಸಾಕು. ಚಾನೆಲ್ ತೆರೆಯುವ ಅನುಮತಿ ಬಾಕ್ಸಿನ ಅಥವಾ ಅದರೊಳಗಿನ ಕಾರ್ಡಿನ ಸಂಖ್ಯೆಗೆ ಸಿಗುತ್ತದೆ, ಬ್ರ್ಯಾಂಡ್ ಹೆಸರಿಗೆ ಅಲ್ಲ.

ಅಂಗಡಿ ಮಾಲೀಕರು: ನನಗೆ ಬಂದ ಫಾರ್ವರ್ಡ್ ಹಂಚಿಕೊಳ್ಳುತ್ತಿದ್ದೇನೆ. "ಹೊಸ ಕಂಪನಿಯ ಸಿಗ್ನಲ್ ಪಡೆಯಲು ರೂಟರಿನ ಹಿಂದಿರುವ ಸಣ್ಣ ರಂಧ್ರದಲ್ಲಿ ಪಿನ್ ಹಾಕಿ 30 ಸೆಕೆಂಡ್ ಒತ್ತಿ ಹಿಡಿಯಿರಿ." ನನ್ನ ಭಾವ ಹೀಗೆ ಮಾಡಿದ ಮೇಲೆ ಚೆನ್ನಾಗಿ ನಡೆಯುತ್ತಿದೆಯಂತೆ.

ಇಂಜಿನಿಯರ್: ದಯವಿಟ್ಟು ಯಾರೂ ಒತ್ತಬೇಡಿ. ಆ ಗುಂಡಿ ರೂಟರನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಒಯ್ಯುತ್ತದೆ. ಅದರೊಳಗೆ ತಂತ್ರಜ್ಞರು ತುಂಬಿಸಿಟ್ಟ ಲಾಗಿನ್ ಹೆಸರು, ಪಾಸ್‌ವರ್ಡ್ ಮತ್ತು ಸಂಪರ್ಕದ ಎಲ್ಲ ವಿವರಗಳು ಅಳಿಸಿಹೋಗುತ್ತವೆ. ಕೆಲವು ಕಂಪನಿಗಳ ರೂಟರು ಆ ವಿವರಗಳನ್ನು ದೂರದಿಂದಲೇ ಮತ್ತೆ ಪಡೆದುಕೊಳ್ಳುತ್ತದೆ. ನಿಮ್ಮ ಭಾವನವರ ಮನೆಯಲ್ಲಿ ಆಗಿರುವುದು ಅದೇ ಇರಬೇಕು. ಎಲ್ಲ ರೂಟರುಗಳಲ್ಲಿ ಈ ವ್ಯವಸ್ಥೆ ಇರುವುದಿಲ್ಲ.

ಲೆಕ್ಕಪರಿಶೋಧಕರು: ಬೆಳಿಗ್ಗೆಯೇ ನಾನು ಇದನ್ನು ನಂಬಿ ಒತ್ತಿದೆ. ಈಗ ಕೆಂಪು ದೀಪ ಉರಿಯುತ್ತಿದೆ, ಕಚೇರಿಯ ಕೆಲಸ ನಿಂತಿದೆ.

ಇಂಜಿನಿಯರ್: ಮತ್ತೆ ಮತ್ತೆ ಒತ್ತಬೇಡಿ. ಬಿಲ್ಲಿನಲ್ಲಿರುವ ಸಂಖ್ಯೆಗೆ ಕರೆ ಮಾಡಿ, ರೂಟರ್ ರೀಸೆಟ್ ಆಗಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ, ಲಾಗಿನ್ ಹೆಸರು ಮತ್ತು ಪಾಸ್‌ವರ್ಡನ್ನು ಮರಳಿ ಹಾಕಿಸಿಕೊಳ್ಳಿ.

ದಂತವೈದ್ಯರು: ನನ್ನ ಪ್ರಶ್ನೆ ಸ್ವಲ್ಪ ಬೇರೆ. ಕಂಪನಿಯವರು ಬಂದು ನನ್ನ ಲಾಗಿನ್ ಹೆಸರಿನಲ್ಲಿ @ ಚಿಹ್ನೆಯ ನಂತರ ಇದ್ದ ಹಳೆಯ ಹೆಸರನ್ನು ತೆಗೆದು ಹೊಸದನ್ನು ಹಾಕಿಹೋದರು. ಇಂಟರ್ನೆಟ್ ಚೆನ್ನಾಗಿ ನಡೆಯುತ್ತಿದೆ. ಆದರೆ ಅಂದಿನಿಂದ ಕ್ಲಿನಿಕ್ಕಿನ ಕ್ಯಾಮೆರಾಗಳನ್ನು ಮನೆಯಿಂದ ನೋಡಲು ಆಗುತ್ತಿಲ್ಲ, ಕ್ಲಿನಿಕ್ಕಿನೊಳಗೆ ಮಾತ್ರ ಕಾಣುತ್ತವೆ. ಕ್ಯಾಮೆರಾ ಹಾಕಿದವರು ಬಂದು ನೋಡಿ, ಯಂತ್ರ ಸರಿಯಾಗಿದೆ ಎಂದರು.

ಇಂಜಿನಿಯರ್: ಡಾಕ್ಟರೇ, ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ 'ವ್ಯಾನ್ ಐಪಿ' ಎಂಬ ಸಾಲು ಇರುತ್ತದೆ, ಅಂದರೆ ಕಂಪನಿ ನಿಮ್ಮ ರೂಟರಿಗೆ ಕೊಟ್ಟಿರುವ ಸಂಖ್ಯೆಯ ರೂಪದ ವಿಳಾಸ. ಅದರಲ್ಲಿ ಚುಕ್ಕೆಗಳಿಂದ ಬೇರ್ಪಟ್ಟ ಮೊದಲ ಎರಡು ಸಂಖ್ಯೆಗಳನ್ನು ಮಾತ್ರ ಬರೆಯಿರಿ, ಪೂರ್ತಿ ಬೇಡ.

ದಂತವೈದ್ಯರು: 100.72 ಎಂದಿದೆ.

ಇಂಜಿನಿಯರ್: ಕಾರಣ ಸಿಕ್ಕಿತು. ಲಾಗಿನ್ ಹೆಸರಿನಲ್ಲಿ @ ನಂತರದ ಭಾಗ ಅಲಂಕಾರಕ್ಕೆ ಇರುವುದಲ್ಲ. ನೀವು ಯಾವ ಗುಂಪಿನ ಗ್ರಾಹಕರು, ನಿಮಗೆ ಯಾವ ಬಗೆಯ ಐಪಿ ವಿಳಾಸ ಕೊಡಬೇಕು ಎಂಬುದನ್ನು ಕಂಪನಿಯ ಸರ್ವರ್ ಅದನ್ನು ನೋಡಿಯೇ ತೀರ್ಮಾನಿಸಬಹುದು. ಹಳೆಯ ಗುಂಪಿನಲ್ಲಿ ನಿಮಗೆ ಹೊರಗಿನಿಂದ ನೇರವಾಗಿ ತಲುಪಬಹುದಾದ ಸಾರ್ವಜನಿಕ ವಿಳಾಸ ಸಿಗುತ್ತಿತ್ತು, ಹೊಸ ಗುಂಪಿನಲ್ಲಿ ನಿಮ್ಮನ್ನು ಹಂಚಿಕೆಯ ವಿಳಾಸದೊಳಗೆ ಹಾಕಿದ್ದಾರೆ. 100.64.0.0ರಿಂದ 100.127.255.255ರವರೆಗಿನ ಸಂಖ್ಯೆಗಳನ್ನು 2012ರಲ್ಲಿ ಇದೇ ಉದ್ದೇಶಕ್ಕೆಂದು ಮೀಸಲಿಡಲಾಯಿತು. ಅವು ಕಂಪನಿಯ ಜಾಲದ ಒಳಗೆ ಮಾತ್ರ ಚಲಾವಣೆಯಲ್ಲಿರುತ್ತವೆ, ಹೊರಗೆ ನೂರಾರು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನಿಂತಿರಬಹುದು. ನೀವು ಹೊರಗೆ ಹೋಗುವುದಕ್ಕೆ ಇದರಿಂದ ಅಡ್ಡಿಯಿಲ್ಲ, ಆದ್ದರಿಂದಲೇ ಇಂಟರ್ನೆಟ್ ಸರಿಯಾಗಿ ಕಾಣುತ್ತದೆ. ಹೊರಗಿನಿಂದ ನಿಮ್ಮನ್ನು ಹುಡುಕಿಕೊಂಡು ಬರುವವರಿಗೆ ಮಾತ್ರ ಬಾಗಿಲು ಸಿಗುವುದಿಲ್ಲ. ಹಾಗಾಗಿ ರೂಟರಿನಲ್ಲಿ ಪೋರ್ಟ್, ಅಂದರೆ ಹೊರಗಿನವರು ಒಳಬರುವ ದಾರಿ, ತೆರೆದರೂ ಪ್ರಯೋಜನವಿಲ್ಲ. ಸಾರ್ವಜನಿಕ ಐಪಿ ವಿಳಾಸ ಮೊದಲು ಇತ್ತು, ಹೆಸರು ಬದಲಾವಣೆಯಲ್ಲಿ ತಪ್ಪಿಹೋಗಿದೆ, ಮರಳಿ ಕೊಡಿ ಎಂದು ಕಂಪನಿಗೆ ಬರವಣಿಗೆಯಲ್ಲೇ ಕೇಳಿ. ಜೊತೆಗೆ ಇನ್ನೊಂದನ್ನೂ ಹೇಳಬೇಕು: ಕ್ಯಾಮೆರಾದ ಪೋರ್ಟನ್ನು ನೇರವಾಗಿ ಹೊರಜಗತ್ತಿಗೆ ತೆರೆದಿಡುವುದೇ ಅಪಾಯ, ಅದರಲ್ಲೂ ರೋಗಿಗಳು ಬಂದು ಹೋಗುವ ಜಾಗದಲ್ಲಿ. ಕ್ಲಿನಿಕ್ಕಿನಿಂದಲೇ ಹೊರಕ್ಕೆ ವಿಪಿಎನ್, ಅಂದರೆ ಬೇರೆಯವರು ಇಣುಕಲಾಗದ ಖಾಸಗಿ ಸುರಂಗದಂತಹ ಸಂಪರ್ಕ ಹೂಡುವಂತೆ ಮಾಡಿಸಿಕೊಂಡರೆ ಈ ವಿಳಾಸದ ಹಂಗೇ ಇರುವುದಿಲ್ಲ.

ಬ್ಯಾಂಕ್ ನೌಕರರು: ಆಟೋ ಡೆಬಿಟ್ ಏನಾಗುತ್ತದೆ?

ಇಂಜಿನಿಯರ್: ನೋಂದಾಯಿತ ಹೆಸರು ಅದೇ ಆಗಿದ್ದರೆ ಸಾಮಾನ್ಯವಾಗಿ ಅದು ಮುಂದುವರಿಯುತ್ತದೆ. ಪಾಸ್‌ಬುಕ್ಕಿನಲ್ಲಿ ಕಾಣುವ ಹೆಸರು ಮಾತ್ರ ಬೇರೆಯಾಗಬಹುದು. ಮೊದಲ ಎರಡು ತಿಂಗಳು ಹಳೆಯ ಹೆಸರಿಗೊಮ್ಮೆ, ಹೊಸ ಹೆಸರಿಗೊಮ್ಮೆ ಹಣ ಕಡಿತವಾಗಿದೆಯೇ ಎಂದು ನೋಡಿಕೊಳ್ಳಿ. ಹೊಸ ಒಪ್ಪಿಗೆ ಬೇಕೆಂದು ಕೇಳಿದರೆ ಬ್ಯಾಂಕಿನ ಸ್ವಂತ ಆ್ಯಪ್‌ನೊಳಗೆ ಹೋಗಿ ಕೊಡಿ, ಯಾರೋ ಕಳುಹಿಸಿದ ಲಿಂಕಿನಲ್ಲಿ ಕೊಡಬೇಡಿ.

ಹೊಸ ಸದಸ್ಯರು: ಹೆಸರು ಬದಲಾದರೆ ವೇಗ ಹೆಚ್ಚುತ್ತದೆಯೇ, ಯಾರಾದರೂ ತಿಳಿಸುವಿರಾ?

ಇಂಜಿನಿಯರ್: ಇಲ್ಲ. ಮೇಲೆ ಉತ್ತರಿಸಿದ್ದೇನೆ.

ಅಂಗಡಿ ಮಾಲೀಕರು: ಹೆಸರು ಬದಲಿಸುವುದೇ ಕೆಟ್ಟ ಹೆಸರಿನಿಂದ ತಪ್ಪಿಸಿಕೊಳ್ಳಲು. ಸೇವೆ ಸರಿಯಿದ್ದವರು ಯಾಕೆ ಬದಲಿಸುತ್ತಾರೆ?

ಲೆಕ್ಕಪರಿಶೋಧಕರು: ಎಲ್ಲವನ್ನೂ ಹಾಗೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಬ್ರಿಟನ್ನಿನ ಎನ್‌ಟಿಎಲ್ ಮತ್ತು ಟೆಲಿವೆಸ್ಟ್ ಎಂಬ ಕೇಬಲ್ ಕಂಪನಿಗಳು 2006ರಲ್ಲಿ ಒಂದಾದವು, ಅದೇ ವರ್ಷ ವರ್ಜಿನ್ ಮೊಬೈಲನ್ನೂ ಕೊಂಡವು, 2007ರಲ್ಲಿ ಪರವಾನಗಿ ಪಡೆದು ವರ್ಜಿನ್ ಮೀಡಿಯಾ ಎಂಬ ಒಂದೇ ಹೆಸರಿಗೆ ಬಂದವು. ಮೂರು ಹೆಸರುಗಳನ್ನು ಇಟ್ಟುಕೊಂಡು ಯಾರು ವ್ಯಾಪಾರ ಮಾಡುತ್ತಾರೆ?

ಅಂಗಡಿ ಮಾಲೀಕರು: ಅದು ಕಂಪನಿ ಹೇಳುವ ಕಾರಣ. ಗ್ರಾಹಕ ಹಳೆಯ ದೂರು ಎತ್ತಿದರೆ, ಅದು ಹಿಂದಿನ ಹೆಸರಿನ ಕಾಲದ್ದು ಎಂದು ಜಾರಿಕೊಳ್ಳುತ್ತಾರೆ. ನನಗೇ ಹಾಗೆ ಹೇಳಿದ್ದಾರೆ.

ವಿದ್ಯಾರ್ಥಿ: 2022ರ ಜನವರಿಯಲ್ಲಿ ಟಾಟಾ ಸ್ಕೈ ಟಾಟಾ ಪ್ಲೇ ಆಯಿತಲ್ಲ, ಟಿವಿಯ ಜೊತೆಗೆ ಬ್ರಾಡ್‌ಬ್ಯಾಂಡ್, ಒಟಿಟಿ ಎಲ್ಲವೂ ಸೇರಿದ್ದರಿಂದ ಬದಲಿಸಿದರು.

ಅಂಗಡಿ ಮಾಲೀಕರು: ಅದರ ಟಿವಿ ಡಿಶ್‌ನಿಂದ ಬರುವುದು, ಕೇಬಲ್ ಅಲ್ಲ. ತಿಳಿಯದಿದ್ದರೆ ಸುಮ್ಮನಿರಿ.

ಲೆಕ್ಕಪರಿಶೋಧಕರು: ಹುಡುಗನ ಬಾಯಿ ಮುಚ್ಚಿಸುವ ಮೊದಲು, ನಿಮ್ಮ ಫಾರ್ವರ್ಡ್ ನಂಬಿ ನನ್ನ ಕಚೇರಿ ಅರ್ಧ ದಿನ ನಿಂತಿತು ಎಂಬುದನ್ನು ನೆನಪಿಟ್ಟುಕೊಳ್ಳಿ.

ಅಂಗಡಿ ಮಾಲೀಕರು: ಒತ್ತಿ ಎಂದು ನಾನು ನಿಮ್ಮ ಕೈ ಹಿಡಿದಿರಲಿಲ್ಲ.

ಇಂಜಿನಿಯರ್: ಹಳೆಯ ದೂರಿನ ಮಾತು ನಿಜವಾಗಿ ಮುಖ್ಯವಾದದ್ದು. ಬ್ರ್ಯಾಂಡ್ ಬದಲಾದ ಮಾತ್ರಕ್ಕೆ ದೂರು ಸಾಯುವುದಿಲ್ಲ. ಹಳೆಯ ದೂರು ಸಂಖ್ಯೆ, ಠೇವಣಿಯ ರಸೀದಿ, ಕೊನೆಯ ಆರು ಬಿಲ್ಲುಗಳನ್ನು ಹಳೆಯ ವೆಬ್‌ಸೈಟ್ ಮುಚ್ಚುವ ಮೊದಲೇ ಇಳಿಸಿಟ್ಟುಕೊಳ್ಳಿ. ಉಳಿದ ವಾದವನ್ನು ಬೇರೆ ಕಡೆ ಮಾಡಿ.

ಗೃಹಿಣಿ: ಚಾನೆಲ್ ಸಂಖ್ಯೆಗಳು ಬದಲಾಗುತ್ತವೆಯೇ? ನಮ್ಮ ಅತ್ತೆಯವರಿಗೆ ಸಂಖ್ಯೆ ಮಾತ್ರ ನೆನಪಿರುತ್ತದೆ.

ನಿವೃತ್ತ ಮೇಷ್ಟ್ರು: ಮೇಡಂ, ನನ್ನ ಇಮೇಲ್ ವಿಳಾಸ ಈ ಕಂಪನಿಯೇ ಕೊಟ್ಟದ್ದು. 15 ವರ್ಷಗಳಿಂದ ಪಿಂಚಣಿ, ಬ್ಯಾಂಕು, ವಿಮೆ, ಮಕ್ಕಳ ಪತ್ರ ಎಲ್ಲವೂ ಅದಕ್ಕೇ ಬರುತ್ತವೆ. ವಿಳಾಸದ ಕೊನೆಯಲ್ಲಿ ಹಳೆಯ ಹೆಸರೇ ಇದೆ. ನಾನೇನಾದರೂ ಮಾಡಬೇಕೇ, ಅಥವಾ ತಾನಾಗಿಯೇ ಬದಲಾಗುತ್ತದೆಯೇ?

ಇಂಜಿನಿಯರ್: ಮೇಷ್ಟ್ರೇ, ಇಂದಿನ ಪ್ರಶ್ನೆಗಳಲ್ಲಿ ನನ್ನನ್ನು ಚಿಂತೆಗೀಡುಮಾಡಿದ್ದು ನಿಮ್ಮದೊಂದೇ, ಆದ್ದರಿಂದ ಉದ್ದವಾಗಿ ಬರೆಯುತ್ತೇನೆ. ದೊಡ್ಡ ಕಂಪನಿಗಳು ಹಳೆಯ ವಿಳಾಸಗಳನ್ನು ಬಹುಕಾಲ ಉಳಿಸಿಕೊಂಡು ಬಂದಿರುವುದುಂಟು. ವರ್ಜಿನ್ ಮೀಡಿಯಾ ಆದ ಎಷ್ಟೋ ವರ್ಷಗಳ ನಂತರವೂ ಎನ್‌ಟಿಎಲ್ ವರ್ಲ್ಡ್ ವಿಳಾಸಗಳಿಗೆ ಪತ್ರ ತಲುಪುತ್ತಿತ್ತು. ಆದರೆ ಅದು ಕಂಪನಿಯ ಇಚ್ಛೆಗೆ ಬಿಟ್ಟದ್ದು. ವಿಳಾಸದಲ್ಲಿ @ ನಂತರ ಬರುವ ಡೊಮೈನ್ ಹೆಸರನ್ನು ಕಂಪನಿ ಕಾಲಕಾಲಕ್ಕೆ ಹಣ ಕಟ್ಟಿ ನವೀಕರಿಸುತ್ತಿರಬೇಕು. ನವೀಕರಿಸುವುದನ್ನು ಬಿಟ್ಟರೆ, ಡಾಟ್ ಕಾಮ್‌ನಂತಹ ಹೆಸರುಗಳಲ್ಲಿ, ನೋಂದಣಿ ರದ್ದಾದ ಮೇಲೆ ಹಿಂಪಡೆಯಲು 30 ದಿನಗಳ ಅವಕಾಶ, ಆಮೇಲೆ ಅಳಿಸುವ ಮುನ್ನ 5 ದಿನಗಳ ಕಾಯುವಿಕೆ ಇರುತ್ತದೆ, ಅದು ಮುಗಿದ ಮೇಲೆ ಅದೇ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಹಾಗೆ ಕೊಂಡವರಿಗೆ ನಿಮ್ಮ ಹಳೆಯ ಪತ್ರಗಳು ಸಿಗುವುದಿಲ್ಲ, ಆದರೆ ಆ ದಿನದಿಂದ ನಿಮ್ಮ ವಿಳಾಸಕ್ಕೆ ಬರುವ ಪ್ರತಿಯೊಂದು ಪತ್ರವೂ ಅವರ ಕೈ ಸೇರಬಹುದು. ನಿಮ್ಮ ವಿಮೆಯ ಖಾತೆಯಲ್ಲಿ 'ಪಾಸ್‌ವರ್ಡ್ ಮರೆತಿದ್ದೇನೆ' ಎಂಬುದನ್ನು ಅವರು ಒತ್ತಿದರೆ, ಹೊಸ ಪಾಸ್‌ವರ್ಡ್ ಹಾಕುವ ಲಿಂಕ್ ಹೋಗುವುದು ಅವರಿಗೇ.

ಆದ್ದರಿಂದ ಕೆಲಸವನ್ನು ಹಳೆಯ ವಿಳಾಸ ಜೀವಂತವಿರುವಾಗಲೇ ಮುಗಿಸಬೇಕು. ಏಕೆಂದರೆ ಹಲವು ಕಡೆ ವಿಳಾಸ ಬದಲಿಸಲು ಹೋದಾಗ ಖಚಿತಪಡಿಸುವ ಸಂದೇಶ ಹಳೆಯ ವಿಳಾಸಕ್ಕೇ ಬರುತ್ತದೆ. ಯಾವ ಇಂಟರ್ನೆಟ್ ಕಂಪನಿಗೂ ಸೇರದ ಒಂದು ಸ್ವತಂತ್ರ ಇಮೇಲ್ ವಿಳಾಸವನ್ನು ಇಂದೇ ತೆರೆಯಿರಿ. ಮೊದಲು ಬ್ಯಾಂಕು ಮತ್ತು ಪಿಂಚಣಿ, ಆಮೇಲೆ ವಿಮೆ, ಆಮೇಲೆ ಉಳಿದವುಗಳಲ್ಲಿ ಬದಲಿಸಿ. ಯಾವುದು ಬಿಟ್ಟುಹೋಗಿದೆ ಎಂದು ತಿಳಿಯಲು ಹಳೆಯ ಅಂಚೆಪೆಟ್ಟಿಗೆಯಲ್ಲಿ 'ಪಾಸ್‌ವರ್ಡ್', 'ಖಾತೆ', 'ರಸೀದಿ' ಎಂಬ ಪದಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿ, ಸಿಕ್ಕ ಪ್ರತಿಯೊಂದು ಸಂಸ್ಥೆಯ ಹೆಸರನ್ನೂ ಕಾಗದದಲ್ಲಿ ಬರೆದುಕೊಳ್ಳಿ. ಕಂಪನಿ ಸರ್ವರಿನ ಹೆಸರು ಬದಲಿಸುವಾಗ ಫೋನಿನಲ್ಲಿ 'ಪ್ರಮಾಣಪತ್ರ ಹೊಂದಿಕೆಯಾಗುತ್ತಿಲ್ಲ', ಅಂದರೆ ಸರ್ವರಿನ ಗುರುತು ತಾಳೆಯಾಗುತ್ತಿಲ್ಲ ಎಂಬ ಎಚ್ಚರಿಕೆ ಬರಬಹುದು. ಅದನ್ನು ಒಪ್ಪಿ ಮುಂದೆ ಹೋಗಬೇಡಿ, ಹೊಸ ಸರ್ವರಿನ ಹೆಸರನ್ನು ಕಂಪನಿಯಿಂದ ಕೇಳಿ ಪಡೆದು ಹಾಕಿ.

ನಿವೃತ್ತ ಮೇಷ್ಟ್ರು: ಬಹಳ ಉಪಕಾರವಾಯಿತು. ಇಂದೇ ಕುಳಿತು ಮಾಡುತ್ತೇನೆ.

ಹೂಡಿಕೆದಾರರು: ಹೆಸರು ಬದಲಾವಣೆಯಿಂದ ಕಂಪನಿಯ ಷೇರು ಏರುತ್ತದೆಯೇ?

ಅಂಗಡಿ ಮಾಲೀಕರು: ಇದನ್ನು ಈಗಷ್ಟೇ ನನ್ನ ತಂಗಿ ಕಳುಹಿಸಿದಳು: "ಇಂದು ರಾತ್ರಿ 12ರೊಳಗೆ ಈ ಆ್ಯಪ್ ಹಾಕಿಕೊಂಡು ಹೊಸ ಹೆಸರಿಗೆ ನೋಂದಾಯಿಸದಿದ್ದರೆ ಸಂಪರ್ಕ ಕಡಿತವಾಗುತ್ತದೆ." ನಿಜವೋ ಸುಳ್ಳೋ ಗೊತ್ತಿಲ್ಲ, ಎಲ್ಲರಿಗೂ ಉಪಯೋಗವಾಗಲಿ ಎಂದು ಹಾಕಿದ್ದೇನೆ.

ಇಂಜಿನಿಯರ್: ಗೊತ್ತಿಲ್ಲದಿದ್ದರೆ ಹಾಕಬಾರದು. ಇದು ಮೋಸ. ನೀವು ಯಾರ ಗ್ರಾಹಕರು ಎಂಬುದು ಕಂಪನಿಯ ದಾಖಲೆಯಲ್ಲಿ ಆಗಲೇ ಇರುವಾಗ ಮತ್ತೆ ನೋಂದಾಯಿಸುವ ಮಾತೇ ಹುಟ್ಟುವುದಿಲ್ಲ. ಆ ಆ್ಯಪ್ ನಿಮ್ಮ ಫೋನಿನ ಪರದೆಯನ್ನು ಬೇರೊಬ್ಬರಿಗೆ ತೋರಿಸುವಂಥದ್ದಾಗಿರಬಹುದು, ಆಗ ಒಟಿಪಿಯನ್ನು ನೀವು ಬಾಯಿಬಿಟ್ಟು ಹೇಳುವ ಅಗತ್ಯವೂ ಅವರಿಗಿರುವುದಿಲ್ಲ. ಹೆಸರು ಬದಲಾವಣೆಯ ಸುದ್ದಿ ಹೊರಬಿದ್ದ ವಾರವೇ ಇವರಿಗೆ ಸುಗ್ಗಿ, ಏಕೆಂದರೆ ಪರಿಚಯವಿಲ್ಲದ ಹೊಸ ಹೆಸರಿನಿಂದ ಸಂದೇಶ ಬಂದರೂ ಜನ ಆ ವಾರ ಅನುಮಾನಿಸುವುದಿಲ್ಲ. ಬೆಳಗಿನಿಂದ ಇದು ನಿಮ್ಮ ಎರಡನೆಯ ಫಾರ್ವರ್ಡ್. ದಯವಿಟ್ಟು ಅಳಿಸಿ, ನಿಮ್ಮ ತಂಗಿಗೂ ಕರೆ ಮಾಡಿ ಹೇಳಿ.

ಅಂಗಡಿ ಮಾಲೀಕರು: ಒಳ್ಳೆಯದಕ್ಕೆ ಹಾಕಿದರೂ ಬೈಸಿಕೊಳ್ಳಬೇಕು.

ನಿರ್ವಾಹಕರು: ಸಂದೇಶವನ್ನು ಅಳಿಸಲಾಗಿದೆ. ಇನ್ನು ಮುಂದೆ ಇಲ್ಲಿ ಫಾರ್ವರ್ಡ್ ಹಾಕಿದವರನ್ನು ಒಂದು ವಾರ ತಡೆಹಿಡಿಯಲಾಗುವುದು.

ಇನ್ನೊಬ್ಬ ಸದಸ್ಯರು: ಡಿಎನ್‌ಎಸ್ ಬದಲಿಸಿದರೆ ಹೊಸ ಕಂಪನಿಯಲ್ಲಿ ವೇಗ ಎರಡರಷ್ಟಾಗುತ್ತದೆ ಎಂದು ಓದಿದೆ.

ಇಂಜಿನಿಯರ್: ಆಗುವುದಿಲ್ಲ. ಡಿಎನ್‌ಎಸ್ ವೆಬ್‌ಸೈಟಿನ ಹೆಸರನ್ನು ಐಪಿ ಸಂಖ್ಯೆಗೆ ತಿರುಗಿಸುತ್ತದೆ, ತಂತಿಯನ್ನು ಅಗಲ ಮಾಡುವುದಿಲ್ಲ. ವೇಗದ ಬಗ್ಗೆ ಇನ್ನು ಉತ್ತರಿಸುವುದಿಲ್ಲ.

ನಿವೃತ್ತ ಮೇಷ್ಟ್ರು: ಮೇಡಂ, ಹುಡುಕಿದಾಗ 23 ಕಡೆ ಹಳೆಯ ವಿಳಾಸ ಸಿಕ್ಕಿತು. ಬ್ಯಾಂಕು ಮತ್ತು ವಿಮೆ ಮುಗಿಯಿತು. ಪಿಂಚಣಿಯ ಖಾತೆಯಲ್ಲಿ ಮಾತ್ರ, ಖಚಿತಪಡಿಸುವ ಸಂದೇಶವನ್ನು ನಾನು ಎಂದೋ ಬಿಟ್ಟುಕೊಟ್ಟ ಮೊಬೈಲ್ ಸಂಖ್ಯೆಗೆ ಕಳುಹಿಸುತ್ತಿದ್ದಾರೆ.

ಇಂಜಿನಿಯರ್: ಇದು ಇಂದೇ ಬೆಳಕಿಗೆ ಬಂದದ್ದು ಒಳ್ಳೆಯದಾಯಿತು ಮೇಷ್ಟ್ರೇ, ಆ ಸಂಖ್ಯೆ ಈಗ ಬೇರೆಯವರ ಬಳಿ ಇರಬಹುದು. ಆನ್‌ಲೈನ್‌ನಲ್ಲಿ ಮತ್ತೆ ಪ್ರಯತ್ನಿಸಬೇಡಿ. ಗುರುತಿನ ಚೀಟಿಯೊಂದಿಗೆ ಪಿಂಚಣಿ ಬರುವ ಶಾಖೆಗೆ ನೀವೇ ಹೋಗಿ, ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಎರಡನ್ನೂ ಒಂದೇ ಅರ್ಜಿಯಲ್ಲಿ ಬದಲಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ. ಉಳಿದ 20 ಕಡೆಯ ಕೆಲಸ ಮುಗಿಯುವವರೆಗೆ ಹಳೆಯ ಅಂಚೆಪೆಟ್ಟಿಗೆಯನ್ನು ದಿನಕ್ಕೊಮ್ಮೆ ತೆರೆದು ನೋಡುತ್ತಿರಿ.